ಸಾವಿರದ ಎಂಬತ್ತೊಂಬತ್ತು

ಹಳೆಯ ಮೋಟಾರು ಗಾಡಿಯೊಂದನ್ನು ಮನೆಯಲ್ಲಿ ಉಳಿಸಿಕೊಂಡು ಬಂದವರು ಅದರ ಬಣ್ಣವನ್ನು, ಬಾಗಿಲು ಮುಚ್ಚುವಾಗಿನ ಗಂಭೀರ ಶಬ್ದವನ್ನು, ಅದರಲ್ಲಿ ಕುಳಿತು ಹೋಗಿಬಂದ ಮದುವೆ ಜಾತ್ರೆಗಳನ್ನು ಬಹು ಆದರದಿಂದ ನೆನೆಯುವರು. ಆದರೆ ಆ ಗಾಡಿಯ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಎಂಜಿನ್ನಿನ ಅಳತೆಗಳ ಕೋಷ್ಟಕವನ್ನು ಓದುವವರು ವಿರಳ. ಯಂತ್ರದ ಕುಲ, ಶೀಲ, ಶಕ್ತಿ, ಮಿತಿಗಳೆಲ್ಲ ಹತ್ತು ಹದಿನೈದು ಪಂಕ್ತಿಗಳಲ್ಲಿ ಅಡಕವಾಗಿರುವ ಆ ಕೋಷ್ಟಕವನ್ನು ಶಾಲೆಯಲ್ಲಿ ಕಲಿತ ಗಣಿತವನ್ನಷ್ಟೇ ಬಳಸಿ ಬಿಡಿಸಿ ಓದಬಹುದೆಂಬುದನ್ನೂ, ಹಾಗೆ ಓದಿದವನಿಗೆ ಗಾಡಿಯ ಮೇಲಿನ ಮಮತೆ ಇಮ್ಮಡಿಯಾಗುವುದೆಂಬುದನ್ನೂ ವಾಚಕರ ಮುಂದಿಡುವುದು ಈ ಅಂಕಣದ ಉದ್ದೇಶ.

ನಾನು ವಾಸವಾಗಿರುವ ಬುಧಗಾಂವ ಸಾಂಗಲಿಯಿಂದ ತಾಸಗಾಂವದ ಕಡೆಗೆ ಹೋಗುವ ಹಾದಿಯಲ್ಲಿ, ಮಾಧವನಗರವನ್ನು ದಾಟಿದೊಡನೆ ಸಿಗುವ ಊರು. 1948ರಲ್ಲಿ ವಿಲೀನಗೊಳ್ಳುವವರೆಗೆ ಇದು ಪಟವರ್ಧನರ ಮಿರಜ ಕಿರಿಯ ಸಂಸ್ಥಾನದ ರಾಜಧಾನಿಯಾಗಿತ್ತು. ಈಗ ಇಲ್ಲೊಂದು ಎಂಜಿನಿಯರಿಂಗ್ ಕಾಲೇಜು ಇದೆ, ಸುತ್ತಲೂ ಕಬ್ಬು ಮತ್ತು ದ್ರಾಕ್ಷಿಯ ತೋಟಗಳಿವೆ, ರಸ್ತೆಯ ಮಗ್ಗುಲಿಗೆ ಟ್ರ್ಯಾಕ್ಟರುಗಳನ್ನೂ ಪಂಪುಗಳನ್ನೂ ದುರಸ್ತಿ ಮಾಡುವ ಗ್ಯಾರೇಜುಗಳಿವೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಆಯುಷ್ಯವನ್ನು ಕಳೆದು ಇಲ್ಲಿಗೆ ಬಂದು ನೆಲೆಸಿದ ನನ್ನ ಜೊತೆಯಲ್ಲಿ, ನಮ್ಮ ಅಣ್ಣನವರು 1970ರ ದಶಕದ ಕೊನೆಯಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಗಾಡಿಯೂ ಬಂದು ನೆಲೆಸಿತು. ಅದನ್ನು ನೋಡಿಕೊಳ್ಳುವ ಮಿಸ್ತ್ರಿ ಅಥಣಿಯ ಕಡೆಯವರು, ಗಿರಾಕಿಗಳೊಡನೆ ಮರಾಠಿಯಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ಮಾತನಾಡುವ ಅವರು, ಹೋದ ಚಳಿಗಾಲದಲ್ಲಿ ಎಂಜಿನ್ನು ಹೊಗೆಯುಗುಳಲಾರಂಭಿಸಿದಾಗ ನಾನು ಕೈಪಿಡಿಯನ್ನು ಒಯ್ದು ಅವರ ಮುಂದೆ ಹಿಡಿಯಲು, ಅದನ್ನು ಗೌರವದಿಂದಲೇ ತಿರುವಿ ನೋಡಿ ಹೇಳಿದರು: “ಮಾಸ್ತರ, ಪುಸ್ತಕದಾಗಿನ ಅಂಕಿ ಗಾಡಿ ಹುಟ್ಟಿದಾಗಿನವು. ಈಗಿನವು ನಾ ಅಳದ ಹೇಳತೇನಿ.” ಈ ಒಂದು ಮಾತು ನನ್ನನ್ನು ಆ ಪುಟಗಳತ್ತ ಮತ್ತೆ ಕರೆದೊಯ್ದಿತು.

ಆ ಎಂಜಿನ್ನಿನ ಹುಟ್ಟನ್ನು ಹುಡುಕಹೋದರೆ ನಾವು 1937ನೆಯ ಇಸವಿಯ ಇಟಲಿಗೆ ಹೋಗಬೇಕಾಗುವುದು. ತುರಿನ್ ನಗರದ ಫಿಯಟ್ ಸಂಸ್ಥೆಯು ಆ ವರ್ಷ ಹೊರತಂದ ಹೊಸ ಬಲಿಲ್ಲಾ ಗಾಡಿಯಲ್ಲಿ, ದಾಂತೆ ಜಾಕೋಸಾ ಎಂಬ ತರುಣ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ರೂಪುಗೊಂಡ 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನ್ನು ಮೊದಲ ಬಾರಿಗೆ ಕಾಣಿಸಿಕೊಂಡಿತು. ಅಂದು ಅದರ ಶಕ್ತಿ 32 ಕುದುರೆಗಳಷ್ಟು. ಮಹಾಯುದ್ಧವೊಂದು ಮುಗಿದು, 1953ರಲ್ಲಿ ಅದೇ ಸಂಸ್ಥೆ 1100 ಎಂಬ ಹೊಸ ದೇಹದ ಗಾಡಿಯನ್ನು ರಚಿಸಿದಾಗ, ಒಳಗಿನ ಹೃದಯ ಮಾತ್ರ ಅದೇ ಆಗಿತ್ತು, ಶಕ್ತಿ 36ಕ್ಕೆ ಏರಿತ್ತು. ಆ ಗಾಡಿಯೇ ಮರುವರ್ಷ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರಖಾನೆಗೆ ಬಂದು, ಕಾಲಕ್ರಮದಲ್ಲಿ ಮಿಲಿಸೆಂಟೊ, ಸೆಲೆಕ್ಟ್, ಡಿಲೈಟ್, ಪ್ರೆಸಿಡೆಂಟ್ ಎಂಬ ನಾಮಾಂತರಗಳನ್ನು ಧರಿಸಿ, 1974ರಿಂದ ಚಿತ್ತೋಡದ ರಾಣಿಯ ಹೆಸರಿನಲ್ಲಿ ಪದ್ಮಿನಿಯಾಗಿ, ಶತಮಾನದ ಅಂತ್ಯದವರೆಗೂ ತಯಾರಾಗುತ್ತಲೇ ಇದ್ದಿತು. ಹೀಗೆ ಒಂದೇ ಕೊಳವೆಯ ಅಗಲ, ಒಂದೇ ಚಲನೆಯ ಉದ್ದ ಆರು ದಶಕಗಳ ಕಾಲ ಎರಡು ಖಂಡಗಳಲ್ಲಿ ಅಚಲವಾಗಿ ಉಳಿದುದು ಯಂತ್ರಲೋಕದಲ್ಲಿ ಅಪರೂಪದ ಸಂಗತಿ.

ಕುರ್ಲಾದ ಆ ಕಾರಖಾನೆಯ ಹಿಂದೆ ಕನ್ನಡಿಗರು ಮರೆಯಬಾರದ ಒಂದು ಕಥೆಯುಂಟು. 1930ರ ದಶಕದ ಮಧ್ಯಭಾಗದಲ್ಲಿ, ವೃದ್ಧಾಪ್ಯವನ್ನು ಲೆಕ್ಕಿಸದೆ ಯುರೋಪ್ ಅಮೆರಿಕಗಳನ್ನು ಸುತ್ತಿ ಮೋಟಾರು ಉದ್ಯಮವನ್ನು ಅಭ್ಯಸಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಗಾಡಿಗಳನ್ನು ತಯಾರಿಸುವ ವಿಸ್ತೃತ ಯೋಜನೆಯೊಂದನ್ನು ಸಿದ್ಧಪಡಿಸಿದರು. ಸೋಲಾಪುರದಲ್ಲಿ 1882ರಲ್ಲಿ ಜನಿಸಿದ ಉದ್ಯಮಿ ವಾಲಚಂದ ಹಿರಾಚಂದರು ಅದಕ್ಕೆ ಹೆಗಲು ಕೊಟ್ಟರು. ಪರಕೀಯ ಸರಕಾರದ ಅನಾದರದಿಂದ ಆ ಯೋಜನೆ ಕೂಡಲೇ ಫಲಿಸದಿದ್ದರೂ, ವಾಲಚಂದರು ಎದೆಗುಂದದೆ 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನ ವಿಮಾನ ಕಾರಖಾನೆಯನ್ನೂ, 1944ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನೂ ಹುಟ್ಟುಹಾಕಿದರು. ಅವರು 1953ರ ಏಪ್ರಿಲಿನಲ್ಲಿ ತೀರಿಕೊಂಡರಾದ ಕಾರಣ, ತಮ್ಮ ಕಾರಖಾನೆಗೆ ಅನ್ನ ಹಾಕಲಿದ್ದ ಆ ಪುಟ್ಟ ಗಾಡಿಯನ್ನು ಕುರ್ಲಾದಲ್ಲಿ ಕಾಣುವ ಭಾಗ್ಯ ಅವರಿಗಿರಲಿಲ್ಲ. ಆದರೆ 1947ರಲ್ಲಿ ಸಾಂಗಲಿಯಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು 1955ರಿಂದ ಅವರ ಹೆಸರನ್ನು ಧರಿಸಿ ನಿಂತಿದೆ. ನಮ್ಮ ಪದ್ಮಿನಿ ಸಾಂಗಲಿ ಪೇಟೆಯಿಂದ ಮಿರಜಕ್ಕೆ ಹೋಗುವಾಗಲೆಲ್ಲ ವಿಶ್ರಾಮಬಾಗದಲ್ಲಿ ತನ್ನ ಮೂಲಪುರುಷನ ಹೆಸರಿನ ಫಲಕವನ್ನು ಹಾದುಹೋಗುತ್ತದೆ. ಸಣ್ಣ ಗಾಡಿಯ ಕನಸು ಈ ಸೀಮೆಗೆ ಎಷ್ಟು ಸಮೀಪದ್ದೆಂಬುದಕ್ಕೆ ಇನ್ನೊಂದು ನಿದರ್ಶನವೂ ಇದೆ: ನೆರೆಯ ಇಚಲಕರಂಜಿಯಲ್ಲಿ ಶಂಕರರಾವ ಕುಲಕರ್ಣಿಯವರು ವರ್ಷಾನುವರ್ಷ ಶ್ರಮಿಸಿ, ಬೆನ್ನಿನಲ್ಲಿ ಎಂಜಿನ್ನುಳ್ಳ ‘ಮೀರಾ’ ಎಂಬ ಪುಟ್ಟ ಗಾಡಿಯನ್ನು ತಮ್ಮ ಕೈಯಾರೆ ರಚಿಸಿ, ಮತ್ತೆ ಮತ್ತೆ ತಿದ್ದಿ, ಓಡಿಸಿಯೂ ತೋರಿಸಿದರು, ಅದು ಕಾರಖಾನೆಯ ಉತ್ಪಾದನೆಯ ಹಂತವನ್ನು ಮುಟ್ಟಲಿಲ್ಲವೆಂಬುದು ಇಂದಿಗೂ ಮನಸ್ಸನ್ನು ಕಲಕುವ ವಿಷಯ.

ಇನ್ನು ಕೋಷ್ಟಕಕ್ಕೆ ಬರೋಣ. ಅದರ ಮೊದಲ ಪಂಕ್ತಿಯಲ್ಲಿ ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75 ಮಿಲಿಮೀಟರ್ ಎಂದಿರುತ್ತದೆ. ಬೋರ್ ಎಂದರೆ ಪಿಸ್ಟನ್ನು ಏರಿಳಿಯುವ ಕೊಳವೆಯ ಒಳವ್ಯಾಸ. ಸ್ಟ್ರೋಕ್ ಎಂದರೆ ಪಿಸ್ಟನ್ನು ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಸಾಗುವ ದೂರ. ವರ್ತುಲದ ಕ್ಷೇತ್ರಫಲವನ್ನು ಕಂಡುಹಿಡಿಯುವುದು ಏಳನೆಯ ಇಯತ್ತೆಯ ಪಾಠವಷ್ಟೆ: 6.8 ಸೆಂಟಿಮೀಟರ್ ವ್ಯಾಸದ ವರ್ತುಲದ ಕ್ಷೇತ್ರಫಲ ಸುಮಾರು 36.3 ಚದರ ಸೆಂಟಿಮೀಟರ್, ಅದನ್ನು 7.5 ಸೆಂಟಿಮೀಟರ್ ಎತ್ತರದಿಂದ ಗುಣಿಸಿದರೆ ಒಂದು ಸಿಲಿಂಡರಿನ ಗಾತ್ರ 272 ಘನ ಸೆಂಟಿಮೀಟರ್. ನಾಲ್ಕು ಸಿಲಿಂಡರುಗಳಿಗೆ 1089. ಗಾಡಿಯ ಹೆಸರಿನಲ್ಲಿರುವ 1100 ಎಂಬುದು ವ್ಯಾಪಾರದ ಸೌಕರ್ಯಕ್ಕಾಗಿ ಸಮನಾಗಿಸಿದ ಸಂಖ್ಯೆ. ಲೋಹದಲ್ಲಿ ಕೊರೆದಿರುವ ಸತ್ಯ ಸಾವಿರದ ಎಂಬತ್ತೊಂಬತ್ತು. ಎಂಜಿನ್ನು ಎರಡು ಸುತ್ತು ತಿರುಗುವಷ್ಟರಲ್ಲಿ ಇಷ್ಟು ಪರಿಮಾಣದ ಗಾಳಿ-ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆದುಕೊಳ್ಳಬಲ್ಲದು, ಅಂದರೆ ಅದರ ಹಸಿವೂ ಶಕ್ತಿಯೂ ಈ ಒಂದು ಸಂಖ್ಯೆಯ ಸುತ್ತಲೇ ಸುತ್ತುವವು. ನಾನು ಶಿಕ್ಷಕನಾಗಿದ್ದಾಗ ಕ್ಷೇತ್ರಫಲದ ಪಾಠಕ್ಕೆ ಬಾವಿಯ ಉದಾಹರಣೆಯನ್ನು ಕೊಡುತ್ತಿದ್ದೆನು. ಮಕ್ಕಳ ಕೈಗೆ ಹಳೆಯದೊಂದು ಪಿಸ್ಟನ್ನನ್ನು ಕೊಟ್ಟು ಅಳೆಯಿಸಿದ್ದರೆ ಆ ಪಾಠ ಅವರ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿ ಊರುತ್ತಿದ್ದಿತೆಂದು ಈಗ ಅನ್ನಿಸುತ್ತದೆ.

ಬೋರಿಗಿಂತ ಸ್ಟ್ರೋಕ್ ಉದ್ದವಾಗಿದ್ದರೆ ಅಂಥ ಎಂಜಿನ್ನು ಸಾವಧಾನದ ಸ್ವಭಾವದ್ದು. ಕಡಿಮೆ ಸುತ್ತುಗಳಲ್ಲಿಯೇ ಎಳೆಯುವ ಬಲವನ್ನು ಒದಗಿಸುವ ಕಡೆಗೆ ಅದರ ಒಲವು. ಇದನ್ನು ನಮ್ಮ ಸೀಮೆಯವರಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯೋಗವನ್ನಾರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ ಇಲ್ಲಿಂದ ಕೆಲವೇ ಹರದಾರಿಗಳ ದೂರದಲ್ಲಿದೆ; ಅವರ ಮನೆತನದವರು 1946ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಎಂಜಿನ್ ಕಾರಖಾನೆಯ ಡೀಸೆಲ್ ಯಂತ್ರಗಳು ಕೃಷ್ಣೆಯ ದಂಡೆಯ ಬಾವಿಗಳ ಮೇಲೆ ಕುಳಿತು ಈ ನಾಡಿನ ಕಬ್ಬನ್ನು ಬೆಳೆಸಿದವು. ಅಂಥ ಯಂತ್ರಗಳಲ್ಲಿ ಬಹುಜನರು ಬಲ್ಲ ಐದು ಕುದುರೆಶಕ್ತಿಯ ಒಂದೇ ಸಿಲಿಂಡರಿನ ಮಾದರಿಯ ಬೋರ್ 80 ಮಿಲಿಮೀಟರ್, ಸ್ಟ್ರೋಕ್ 110 ಮಿಲಿಮೀಟರ್, ಗಾತ್ರ 553 ಘನ ಸೆಂಟಿಮೀಟರ್, ನಿಮಿಷಕ್ಕೆ 1500 ಸುತ್ತು. ಪದ್ಮಿನಿಯ ಅರ್ಧದಷ್ಟು ಗಾತ್ರವಿದ್ದೂ ಅದು ಎಂಟನೆಯ ಒಂದಂಶ ಶಕ್ತಿಯನ್ನು ಮಾತ್ರ ಕೊಡುತ್ತದೆ. ಆದರೆ ರಾತ್ರಿಯಿಡೀ ಒಂದೇ ಲಯದಲ್ಲಿ, ಒಂದೇ ಹೊರೆಯನ್ನು ಹೊತ್ತು, ದಣಿಯದೆ ದುಡಿಯುತ್ತದೆ. ಶಕ್ತಿಯನ್ನು ಗಾತ್ರವೊಂದೇ ನಿರ್ಧರಿಸುವುದಿಲ್ಲ, ಎಷ್ಟು ವೇಗದಿಂದ ಆ ಗಾತ್ರವನ್ನು ತುಂಬಿ ಬರಿದು ಮಾಡುವೆವೆಂಬುದೂ ನಿರ್ಧರಿಸುತ್ತದೆ ಎಂಬ ತತ್ತ್ವವನ್ನು ಈ ಎರಡು ಯಂತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವನು ಎಂದಿಗೂ ಮರೆಯಲಾರನು. ನಮ್ಮ ಮಿಸ್ತ್ರಿಯೂ ಬಾಲ್ಯದಲ್ಲಿ ಹೊಲದ ಪಂಪಿನ ಎಂಜಿನ್ನಿಗೆ ಹ್ಯಾಂಡಲ್ ಹೊಡೆಯುತ್ತಲೇ ಯಂತ್ರವಿದ್ಯೆಯ ಓನಾಮವನ್ನು ಕಲಿತವರು.

ಇನ್ನೊಂದು ಪಕ್ಕದಲ್ಲಿ, 1983ರ ಡಿಸೆಂಬರಿನಲ್ಲಿ ದೇಶದ ಬೀದಿಗಿಳಿದ ಮಾರುತಿ 800 ಗಾಡಿಯ ಕೋಷ್ಟಕವನ್ನು ಇಟ್ಟು ನೋಡಬೇಕು. ಅದರ ಬೋರ್ 68.5 ಮಿಲಿಮೀಟರ್, ಸ್ಟ್ರೋಕ್ 72 ಮಿಲಿಮೀಟರ್. ಅಂದರೆ ಕೊಳವೆಯ ಅಗಲದಲ್ಲಿ ಇವೆರಡು ಹೆಚ್ಚು ಕಡಿಮೆ ಒಡಹುಟ್ಟಿದವರಂತಿವೆ. ಆದರೆ ಮಾರುತಿಗೆ ಸಿಲಿಂಡರುಗಳು ಮೂರೇ. ಆದ್ದರಿಂದ ಗಾತ್ರ 796. ಹೀಗೆ ಮುಕ್ಕಾಲು ಪಾಲು ಗಾತ್ರದ ಎಂಜಿನ್ನು ಪದ್ಮಿನಿಗೆ ಸರಿಸಮಾನವಾಗಿ, ಬಹಳಷ್ಟು ಸಲ ಅದಕ್ಕಿಂತ ಚುರುಕಾಗಿ ಓಡಿದುದಕ್ಕೆ ಕಾರಣವನ್ನು ಎಂಜಿನ್ನಿನ ಹೊರಗೂ ಹುಡುಕಬೇಕು: ಪದ್ಮಿನಿಯ ತೂಕ 900 ಕಿಲೋಗ್ರಾಮಿನ ಸಮೀಪಕ್ಕಿದ್ದರೆ ಮಾರುತಿಯದು 650ರ ಆಸುಪಾಸು. ಹೊರೆ ಇಳಿದಾಗ ಎತ್ತು ಹಗುರಾಗಿ ನಡೆಯುವುದು ಸಹಜವಷ್ಟೆ.

ಕೋಷ್ಟಕದ ಎರಡನೆಯ ಮುಖ್ಯ ಪಂಕ್ತಿ ಕಂಪ್ರೆಶನ್ ಪ್ರಮಾಣದ್ದು, ಕನ್ನಡದಲ್ಲಿ ಸಂಪೀಡನ ಪ್ರಮಾಣವೆನ್ನಬಹುದು. ಪಿಸ್ಟನ್ನು ಕೆಳಗಿರುವಾಗ ಅದರ ಮೇಲಿರುವ ಒಟ್ಟು ಅವಕಾಶಕ್ಕೂ, ಅದು ಮೇಲೇರಿ ನಿಂತಾಗ ಉಳಿಯುವ ಕಿರಿಯ ಕೋಣೆಗೂ ಇರುವ ಅನುಪಾತ ಇದು. 1953ರ ಇಟಲಿಯ ಗಾಡಿಯಲ್ಲಿ ಈ ಪ್ರಮಾಣ 6.7 ಇದ್ದಿತು, ಮುಂದೆ ಏಳರ ಮೇಲಕ್ಕೆ ಏರಿತು. ಏಳು ಎಂದೇ ಹಿಡಿದರೆ, 272 ಘನ ಸೆಂಟಿಮೀಟರ್ ಗಾತ್ರಕ್ಕೆ ಮೇಲಿನ ಕೋಣೆ ಅದರ ಆರನೆಯ ಒಂದಂಶ, ಅಂದರೆ ಸುಮಾರು 45 ಘನ ಸೆಂಟಿಮೀಟರ್. ಒಂದು ಸಣ್ಣ ಚಹದ ಬಟ್ಟಲು ಹಿಡಿಯುವಷ್ಟು ಜಾಗ. ಮಿಶ್ರಣವನ್ನು ಎಷ್ಟು ಬಿಗಿಯಾಗಿ ಅದುಮಿ ಹೊತ್ತಿಸುವೆವೋ ಅಷ್ಟು ಹೆಚ್ಚು ಕೆಲಸವನ್ನು ಅದೇ ಪೆಟ್ರೋಲಿನಿಂದ ಪಡೆಯಬಹುದಾದ್ದರಿಂದ, ಮಾರುತಿಯಂಥ ನಂತರದ ಗಾಡಿಗಳು 8.7ರವರೆಗೆ ಏರಿದವು. ಆದರೆ ಅತಿಯಾಗಿ ಅದುಮಿದ ಮಿಶ್ರಣ ಪ್ಲಗ್ಗಿನ ಕಿಡಿಯಿಂದ ಶಾಂತವಾಗಿ ಉರಿಯುತ್ತ ಹರಡುವ ಬದಲು, ಇನ್ನೂ ಉರಿಯದೆ ಉಳಿದ ಭಾಗವೆಲ್ಲ ತನ್ನಷ್ಟಕ್ಕೆ ತಾನೇ ಒಮ್ಮೆಲೆ ಸಿಡಿಯುವುದು. ಏರಿನಲ್ಲಿ ಎಂಜಿನ್ನಿನಿಂದ ಕೇಳಿಬರುವ ಗಜ್ಜೆಯಂಥ ಕಟಕಟ ಸದ್ದು ಅದೇ. ಪೆಟ್ರೋಲಿನ ಆಕ್ಟೇನ್ ಸಂಖ್ಯೆಯೆಂದರೆ ಈ ಅಕಾಲ ಸ್ಫೋಟವನ್ನು ತಡೆಯುವ ಸಾಮರ್ಥ್ಯದ ಅಳತೆ. ಹಿಂದಿನ ಕಾಲದ ಪೆಟ್ರೋಲಿನ ಗುಣ ಇಂದಿನಷ್ಟಿರಲಿಲ್ಲ. ಸುಡುವ ಬೇಸಿಗೆ, ತುಂಬಿದ ಗಾಡಿ, ಯಾವ ಹಳ್ಳಿಯ ಡಬ್ಬಿಯಿಂದ ಬಂದುದೋ ಹೇಳಲಾಗದ ಇಂಧನ, ಇವೆಲ್ಲವನ್ನೂ ಸಹಿಸಿಕೊಂಡು ನಡೆಯಲೆಂದೇ ಆ ಪ್ರಮಾಣವನ್ನು ಏಳರ ಸಮೀಪದಲ್ಲಿ ಇರಿಸಲಾಗಿತ್ತು. ಆ ತಗ್ಗಿನ ಅಂಕೆಯೊಳಗೆ ಗಾಡಿಯನ್ನೋಡಿಸುವವನ ಕಷ್ಟಗಳನ್ನು ಮೊದಲೇ ಎಣಿಸಿ ಬಿಟ್ಟ ತೆರಪು ಇದೆ.

ಈ ತೆರಪನ್ನು ಅರಿಯದೆ ನಡೆದರೆ ಆಗುವ ಹಾನಿಯನ್ನು ನಾನು ಕಂಡಿದ್ದೇನೆ. ಫಿಯಟ್ 1100 ಎಂಜಿನ್ನಿನ ಮೈ ಎರಕದ ಕಬ್ಬಿಣದ್ದು, ತಲೆ ಅಲ್ಯುಮಿನಿಯಮ್ಮಿನದು. ಕಾಯ್ದಾಗ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವ ಲೋಹವಾದುದರಿಂದ, ನೀರು ಬತ್ತಿದ ರೇಡಿಯೇಟರಿನೊಡನೆ ಓಡಿಸಿದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಸುಟ್ಟುಹೋಗುವುದು. ಹಲವು ವರ್ಷಗಳ ಹಿಂದೆ ಪ್ರವಾಸದಲ್ಲಿ ನಮ್ಮ ಗಾಡಿಗೆ ಹೀಗಾದಾಗ, ಊರಿಂದ ದೂರದ ಒಂದು ಗ್ಯಾರೇಜಿನಲ್ಲಿ ಹೆಡ್ಡಿನ ಮುಖವನ್ನು ಉಜ್ಜಿ ಮಟ್ಟ ಮಾಡಿಕೊಟ್ಟರು. ಎಷ್ಟು ಉಜ್ಜಿದರೆಂಬುದನ್ನು ಅವರು ಬರೆದಿಡಲಿಲ್ಲ, ನಾನೂ ಕೇಳಲಿಲ್ಲ. ಅರ್ಧ ಮಿಲಿಮೀಟರ್ ಉಜ್ಜಿದರೆ 45ರ ಕೋಣೆ ಸುಮಾರು ಎರಡು ಘನ ಸೆಂಟಿಮೀಟರ್ ಕುಗ್ಗಿ, ಏಳರ ಪ್ರಮಾಣ ಏಳೂಕಾಲನ್ನು ದಾಟುತ್ತದೆ. ಇಂಥದು ಎರಡು ಮೂರು ಸಲವಾದರೆ ಎಂಜಿನ್ನು ತನ್ನ ಹುಟ್ಟುಗುಣವನ್ನೇ ಬದಲಿಸಿಕೊಳ್ಳುತ್ತದೆ. ಅಂದಿನಿಂದ ಏರಿನಲ್ಲಿ ಕೇಳಿಸತೊಡಗಿದ ಆ ಕಟಕಟ ಸದ್ದಿನ ಕಾರಣ ನನಗೆ ತಿಳಿದುದು ಬುಧಗಾಂವದ ಮಿಸ್ತ್ರಿ ಹೆಡ್ಡನ್ನು ಕಳಚಿ, ದಪ್ಪವನ್ನು ಅಳೆದು ತೋರಿಸಿದಾಗ.

ಮುಂದಿನ ಪಂಕ್ತಿಗಳು ಶಕ್ತಿಯವು. ಪದ್ಮಿನಿಯ ಎಂಜಿನ್ನು ನಿಮಿಷಕ್ಕೆ 4800 ಸುತ್ತುಗಳ ಸಮೀಪದಲ್ಲಿ ಸುಮಾರು 40 ಕುದುರೆಶಕ್ತಿಯನ್ನು, 3000 ಸುತ್ತುಗಳ ಸಮೀಪದಲ್ಲಿ ಏಳು ಕಿಲೋಗ್ರಾಂ-ಮೀಟರಿಗೆ ತುಸು ಮೇಲಾದ ಟಾರ್ಕನ್ನು ಕೊಡುತ್ತದೆ. ಈ ಎರಡು ಅಂಕೆಗಳಿಗೆ ಏಕೆ ಬೇರೆ ಬೇರೆ ಸುತ್ತುಗಳೆಂಬುದು ಬಹುಜನರ ಸಂದೇಹ. ಟಾರ್ಕ್ ಎಂದರೆ ತಿರುಗಿಸುವ ಬಲ: ಒಂದು ಮೀಟರ್ ಉದ್ದದ ದಂಡದ ತುದಿಗೆ ಏಳು ಕಿಲೋ ತೂಕವನ್ನು ತೂಗಹಾಕಿದರೆ ಅದು ಅಕ್ಷವನ್ನು ಎಷ್ಟು ಒತ್ತಾಯದಿಂದ ತಿರುಗಿಸಲು ನೋಡುವುದೋ ಅಷ್ಟು. ಕುದುರೆಶಕ್ತಿಯಾದರೋ ಕೆಲಸದ ತ್ವರೆ: 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವುದು ಒಂದು ಕುದುರೆಶಕ್ತಿ. ಹಿಂದೆ ಬಾವಿಗೆ ಕಪಲಿ ಹೂಡಿ ನೀರೆತ್ತುತ್ತಿದ್ದಾಗ, ಎತ್ತುಗಳು ಹಗ್ಗವನ್ನು ಎಳೆಯುವ ಬಲ ಒಂದು, ದಿನಕ್ಕೆ ಎಷ್ಟು ಕೊಡ ನೀರು ಕಾಲುವೆಗೆ ಬಿತ್ತೆಂಬುದು ಇನ್ನೊಂದು ಎಂದು ಯಾವ ರೈತನೂ ಹೇಳಬಲ್ಲವನಾಗಿದ್ದನು. ಅದೇ ಭೇದ ಇಲ್ಲಿಯದು. ಬಲವನ್ನು ಸುತ್ತಿನ ವೇಗದಿಂದ ಗುಣಿಸಿದರೆ ಶಕ್ತಿ ಬರುವುದಾದ್ದರಿಂದ, 3000 ಸುತ್ತುಗಳಲ್ಲಿ ನಮ್ಮ ಎಂಜಿನ್ನು ಕೊಡುವುದು ಸುಮಾರು 30 ಕುದುರೆಶಕ್ತಿ. ಅಲ್ಲಿಂದ ಮೇಲೆ ಉಸಿರು ತೆಗೆದುಕೊಳ್ಳುವ ಅವಕಾಶ ಕಿರಿದಾಗುತ್ತ, ಪ್ರತಿ ಹೊಡೆತದ ಬಲ ತಗ್ಗುತ್ತ ಹೋದರೂ, ಹೊಡೆತಗಳ ಸಂಖ್ಯೆ ಹೆಚ್ಚುವುದರಿಂದ ಶಕ್ತಿ ನಾಲ್ವತ್ತರವರೆಗೆ ಏರಿ ಅಲ್ಲಿಗೆ ನಿಲ್ಲುತ್ತದೆ.

ಇದರ ಪ್ರಾಯೋಗಿಕ ತಾತ್ಪರ್ಯವನ್ನು ದಂಡೋಬಾ ಗುಡ್ಡವನ್ನೇರುವಾಗ ಅರಿಯಬಹುದು. ಐದು ಜನರನ್ನು ಹೊತ್ತು ಏರನ್ನು ಹತ್ತುವ ಗಾಡಿ ಕುಂಟತೊಡಗಿದಾಗ ಎಕ್ಸಿಲರೇಟರನ್ನು ಬಲವಾಗಿ ತುಳಿಯುವುದು ಅಜ್ಞಾನದ ಮಾರ್ಗ; ಸ್ಟಿಯರಿಂಗಿನ ಕೆಳಗಿನ ಗಿಯರ್ ದಂಡವನ್ನು ಎಳೆದು ಒಂದು ಗಿಯರ್ ಕೆಳಗಿಳಿಸಿ, ಎಂಜಿನ್ನನ್ನು ಆ 3000ದ ಸಮೀಪಕ್ಕೆ ತಂದರೆ, ಅದು ತನ್ನ ಅತ್ಯುತ್ತಮ ಬಲವನ್ನು ತಾನಾಗಿಯೇ ಒಪ್ಪಿಸುತ್ತದೆ. ಅದೇ ರೀತಿ ಮಿರಜದಿಂದ ಕಾಗವಾಡದತ್ತ ಹೋಗುವ ಸಮತಲದ ಹಾದಿಯಲ್ಲಿ ಅದನ್ನು ಕೊನೆಯ ಮಿತಿಯವರೆಗೆ ಓಡಿಸುವುದು ಏಕೆ ತರವಲ್ಲವೆಂಬುದನ್ನೂ ಕೋಷ್ಟಕವೇ ಹೇಳುತ್ತದೆ. 4800 ಸುತ್ತೆಂದರೆ ಸೆಕೆಂಡಿಗೆ 80 ಸುತ್ತು. ಪ್ರತಿ ಸುತ್ತಿಗೆ ಪಿಸ್ಟನ್ನು 75 ಮಿಲಿಮೀಟರ್ ಏರಿ 75 ಮಿಲಿಮೀಟರ್ ಇಳಿಯುವುದರಿಂದ, ಅದರ ಸರಾಸರಿ ವೇಗ ಸೆಕೆಂಡಿಗೆ 12 ಮೀಟರ್. ಅಂಗೈಯಗಲದ ಆ ಲೋಹದ ತುಂಡು ಸೆಕೆಂಡಿಗೆ ನೂರಾ ಅರುವತ್ತು ಸಲ ನಿಂತು ದಿಕ್ಕು ಬದಲಿಸುತ್ತಿರುವಾಗ, ಮೂರೇ ಮುಖ್ಯ ಬೇರಿಂಗುಗಳ ಮೇಲೆ ನಿಂತ ಕ್ರ್ಯಾಂಕ್ ಅಕ್ಷ ಆ ಆಘಾತವನ್ನೆಲ್ಲ ಹೊರುತ್ತಿರುತ್ತದೆ. 3000ದಲ್ಲಿ ಆ ವೇಗ ಏಳೂವರೆ ಮೀಟರಿಗಿಳಿಯುತ್ತದೆ. ಎಂಜಿನ್ನಿನ ಆಯುಷ್ಯ ಅಡಗಿರುವುದು ಈ ಏಳೂವರೆಗೂ ಹನ್ನೆರಡಕ್ಕೂ ನಡುವಿನ ಅಂತರದಲ್ಲಿ.

ಇನ್ನು ಕೋಷ್ಟಕದ ಅಡಿಭಾಗದಲ್ಲಿ ಕೆಲವು ಅತಿ ಚಿಕ್ಕ ಅಂಕೆಗಳಿರುತ್ತವೆ. ಗ್ಯಾರೇಜಿನ ನಿತ್ಯ ವ್ಯವಹಾರವೆಲ್ಲ ಅವುಗಳದೇ. ಸಿಲಿಂಡರುಗಳಲ್ಲಿ ಕಿಡಿ ಹಾರಬೇಕಾದ ಅನುಕ್ರಮ ಒಂದು-ಮೂರು-ನಾಲ್ಕು-ಎರಡು ಎಂದಿರುವುದು. ಒಂದು-ಎರಡು-ಮೂರು-ನಾಲ್ಕು ಎಂದೇಕಾಗದೆಂದರೆ, ಹೊರಗಿನ ಎರಡು ಪಿಸ್ಟನ್ನುಗಳು ಮೇಲಿರುವಾಗ ಒಳಗಿನ ಎರಡು ಕೆಳಗಿರುವಂತೆ ಕ್ರ್ಯಾಂಕನ್ನು ರಚಿಸಿರುವುದರಿಂದ, ಅರ್ಧ ಅರ್ಧ ಸುತ್ತಿಗೊಂದರಂತೆ ಸಮನಾದ ಅಂತರದಲ್ಲಿ ಹೊಡೆತ ಬೀಳಲು ಹೊರಗಿನದರ ಬಳಿಕ ಒಳಗಿನದರ ಸರದಿಯೇ ಬರಬೇಕು. ಆ ಕ್ರಮವನ್ನು ಮಿಸ್ತ್ರಿಗಳು ‘ಡೆಲ್ಕೊ’ ಎಂದು ಕರೆಯುವ ಡಿಸ್ಟ್ರಿಬ್ಯೂಟರು ಹಂಚುತ್ತದೆ. ಅದರೊಳಗಿನ ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಕವಾಟಗಳ ಮೇಲಿನ ಟ್ಯಾಪೆಟ್ ಸಂದು ಇನ್ನೂ ಸೂಕ್ಷ್ಮ, ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು. ಈ ಸಂದು ಹೆಚ್ಚಾದರೆ ಹೊಲಿಗೆ ಯಂತ್ರದಂತೆ ಟಿಕಿಟಿಕಿ ಸದ್ದು ಬರುವುದು, ಕೇಳಿದವರು ಎಚ್ಚೆತ್ತುಕೊಳ್ಳುವರು. ಕಡಿಮೆಯಾದರೆ ಸದ್ದೇ ಇರದು, ಆದರೆ ಕಾಯ್ದು ಹಿಗ್ಗಿದ ಕವಾಟ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಕಾವನ್ನು ಪೀಠಕ್ಕೆ ದಾಟಿಸಲಾಗದೆ, ಅಂಚು ಸುಟ್ಟುಕೊಳ್ಳುವುದು. ಮಿಸ್ತ್ರಿಯ ಮಾತಿನಲ್ಲಿ ಹೇಳುವುದಾದರೆ, “ಒದರೂ ಟ್ಯಾಪೆಟ್ಟಿಗೆ ಅಂಜಬ್ಯಾಡ್ರಿ ಮಾಸ್ತರ, ಸುಮ್ಮ ಕುಂತಿದ್ದಕ್ಕ ಅಂಜ್ರಿ.” ಫೀಲರ್ ಗೇಜಿನ ತೆಳುವಾದ ಉಕ್ಕಿನ ಪಟ್ಟಿಯನ್ನು ಆ ಸಂದಿಯಲ್ಲಿ ಜಾರಿಸಿ, ಅದು ಬೆಣ್ಣೆಯಿಂದ ಚಾಕುವನ್ನೆಳೆದಂತೆ ಮಂದವಾಗಿ ಎಳೆದುಕೊಂಡು ಬರುವ ಹದವನ್ನು ಅವರು ಕಣ್ಣು ಮುಚ್ಚಿ ಬೆರಳಿನಿಂದಲೇ ಅಳೆಯುವರು. ಮಿರಜದ ಸತಾರಮೇಕರ್ ಬೀದಿಯಲ್ಲಿ ಸಿತಾರ ತಂಬೂರಿಗಳ ಮೇಳವಣೆಯಲ್ಲಿ ಕುಶಲಕರ್ಮಿಗಳು ತಂತಿಗೂ ಸೇತುವೆಗೂ ನಡುವೆ ಹುಡುಕುವ ಹದಕ್ಕೂ ಈ ಹದಕ್ಕೂ ನನಗೆ ಹೆಚ್ಚಿನ ಅಂತರ ತೋರುವುದಿಲ್ಲ.

ಈಗಿನ ಕಾಲದಲ್ಲಿ ಕೋಷ್ಟಕದ ಹೊರಗಿನ ಒಂದು ಅಂಕೆ ಹಳೆಯ ಗಾಡಿಯ ಒಡೆಯನನ್ನು ಕಾಡುತ್ತಿದೆ, ಅದು ಇಪ್ಪತ್ತು. 2000ನೆಯ ಇಸವಿಯ ಫೆಬ್ರುವರಿಯಿಂದ ಸೀಸರಹಿತ ಪೆಟ್ರೋಲು ದೇಶಾದ್ಯಂತ ಬಂದುದು ಮೊದಲ ಬದಲಾವಣೆಯಾದರೆ, 2023ರಿಂದ ಹರಡುತ್ತ ಬಂದ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು ಎರಡನೆಯದು. ನಮ್ಮ ಹೊಲಗಳ ಕಬ್ಬು ಕಾರಖಾನೆಗೆ ಹೋಗಿ, ಕಾಕಂಬಿಯಾಗಿ, ಎಥೆನಾಲ್ ಆಗಿ ಮರಳಿ ನಮ್ಮ ಗಾಡಿಯ ಟಾಕಿಯನ್ನು ಸೇರುವುದು ರೈತರ ದೃಷ್ಟಿಯಿಂದ ಸಂತೋಷದ ಸಂಗತಿ; ಎಥೆನಾಲಿಗೆ ಆಕ್ಟೇನ್ ಗುಣವೂ ಅಧಿಕ. ಆದರೆ ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕಾಗುವಲ್ಲಿ, ಎಥೆನಾಲಿಗೆ ಒಂಬತ್ತೇ ಸಾಕು, ಮಿಶ್ರಣಕ್ಕೆ ಹದಿಮೂರೂವರೆ. ಹೊಸ ಗಾಡಿಗಳ ಯಂತ್ರಮಿದುಳು ಇದನ್ನು ಅರಿತು ಇಂಧನವನ್ನು ಹೆಚ್ಚಿಸಿಕೊಳ್ಳುತ್ತದೆ. ಪದ್ಮಿನಿಯ ಸೋಲೆಕ್ಸ್ ಕಾರ್ಬೊರೇಟರಿನಲ್ಲಿರುವುದು ಹಿತ್ತಾಳೆಯ ಜೆಟ್ಟಿನಲ್ಲಿ ಕೊರೆದ ಒಂದು ಸ್ಥಿರವಾದ ರಂಧ್ರ, ಅದು ತನ್ನ ಕಾಲದ ಪೆಟ್ರೋಲನ್ನಷ್ಟೇ ಬಲ್ಲದು. ಪರಿಣಾಮವಾಗಿ ಮಿಶ್ರಣದಲ್ಲಿ ಗಾಳಿ ಮಿಗಿಲಾಗಿ ಎಂಜಿನ್ನು ಬೇಗ ಕಾಯುವುದು. ಹಳೆಯ ರಬ್ಬರಿನ ನಳಿಕೆಗಳೂ ಎಥೆನಾಲಿಗೆ ಸೋತು ಮೆತ್ತಗಾಗಿ ಬಿರಿಯುವವು. ಜೆಟ್ಟನ್ನು ಒಂದು ಗಾತ್ರ ದೊಡ್ಡದು ಮಾಡಿ, ನಳಿಕೆಗಳನ್ನು ಈ ಇಂಧನವನ್ನು ತಾಳುವ ಹೊಸವುಗಳಿಗೆ ಬದಲಿಸಿದರೆ ಗಾಡಿ ಹೊಸ ಆಹಾರಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಹಾಗೆ ಮಾಡಲು ಹಳೆಯ ಜೆಟ್ಟಿನ ಅಂಕೆ ಗೊತ್ತಿರಬೇಕು. ಅಳತೆ ತಿಳಿಯದವನ ಕೈಯಲ್ಲಿ ಪ್ರತಿ ದುರಸ್ತಿಯೂ ಅಂದಾಜಾಗಿ, ಅಂದಾಜಿನ ಮೇಲೆ ಅಂದಾಜು ಕೂಡಿ, ಹತ್ತು ವರ್ಷಗಳಲ್ಲಿ ಗಾಡಿ ತನ್ನ ಗುರುತನ್ನೇ ಕಳೆದುಕೊಳ್ಳುವುದು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನ ಕೊನೆಯಲ್ಲಿ ರಸ್ತೆಯಿಂದ ಮರೆಯಾದ ಮೇಲಂತೂ, ಈ ಅಂಕೆಗಳನ್ನು ನಿತ್ಯದ ಅನ್ನಕ್ಕಾಗಿ ಕಂಠಪಾಠ ಮಾಡಿಕೊಂಡಿದ್ದ ಮಿಸ್ತ್ರಿಗಳ ಸಂತತಿಯೂ ಕ್ಷೀಣಿಸುತ್ತಿದೆ. ಅದನ್ನುಳಿಸುವ ಹೊಣೆ ಈಗ ನಮ್ಮಂಥ ಒಡೆಯರ ಮೇಲೆ ಬಿದ್ದಿದೆ.

ಚಳಿಗಾಲದ ಆ ಮಧ್ಯಾಹ್ನ ಮಿಸ್ತ್ರಿ ಹೊಗೆಯ ಕಾರಣವನ್ನು ಹುಡುಕುತ್ತ ಪಿಸ್ಟನ್ನುಗಳನ್ನು ಹೊರತೆಗೆದು, ಬೋರ್ ಗೇಜನ್ನು ಒಂದೊಂದು ಸಿಲಿಂಡರಿನ ಮೇಲ್ಗಡೆ, ನಡುವೆ, ಕೆಳಗಡೆ ಇಳಿಬಿಟ್ಟು, ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ಅಳೆದರು. ಸವೆದ ಸಿಲಿಂಡರನ್ನು ಲೇಥಿನವರಲ್ಲಿ ಬೋರಿಂಗ್ ಮಾಡಿಸಿ ಒಂದು ಗಾತ್ರ ದೊಡ್ಡ ಪಿಸ್ಟನ್ನು ಕೂಡಿಸಲು ಅನುಕೂಲವಾಗುವಂತೆ, ಆ ಕಬ್ಬಿಣದ ಗೋಡೆಯನ್ನು ಮೊದಲೇ ಸಾಕಷ್ಟು ದಪ್ಪವಾಗಿ ಎರಕಹೊಯ್ದಿರುತ್ತಾರೆ. ಅಧಿಕ ಗಾತ್ರದ ಪಿಸ್ಟನ್ನುಗಳು 0.2, 0.4, 0.6 ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ದೊರೆಯುತ್ತವೆ. ನಮ್ಮ ಅಣ್ಣನವರ ಕಾಲದಲ್ಲಿಯೇ ಎಂಜಿನ್ನು ಬೋರಿಂಗ್ ಆಗಿ ಹೋಗಿದ್ದಿತು. ನಾಲ್ಕೂ ಸಿಲಿಂಡರುಗಳ ಅಳತೆ 68.4 ಬಂದಿತು. ಗೋಡೆಗಳು ಇನ್ನೂ ನುಣುಪಾಗಿವೆಯೆಂದೂ, ರಿಂಗುಗಳನ್ನು ಮಾತ್ರ ಬದಲಿಸಿದರೆ ಸಾಕೆಂದೂ ಅವರು ತೀರ್ಮಾನ ಹೇಳಿದರು. ಒರೆಸಿದ ಕೈಯಿಂದ ಕೈಪಿಡಿಯನ್ನು ನನಗೆ ಮರಳಿಸುತ್ತ, “ಬರಕೋರಿ ಮಾಸ್ತರ, ಇದು ಈಗಿನ ಅಂಕಿ” ಎಂದರು.

ರಾತ್ರಿ ದೀಪದ ಬೆಳಕಿನಲ್ಲಿ ಕುಳಿತು, ಅಚ್ಚಾದ 68ರ ಮಗ್ಗುಲಿಗೆ ಪೆನ್ಸಿಲಿನಿಂದ 68.4 ಎಂದು ಬರೆದೆನು. ಬರೆದ ಮೇಲೆ ಹಳೆಯ ಅಭ್ಯಾಸಬಲದಿಂದ ಕೈ ತಾನಾಗಿಯೇ ಗುಣಾಕಾರಕ್ಕೆ ತೊಡಗಿತು. ಕ್ಷೇತ್ರಫಲ 36.7, ಒಂದು ಸಿಲಿಂಡರಿಗೆ 275.6, ನಾಲ್ಕಕ್ಕೆ 1102. ಹುಟ್ಟಿದಾಗ ಸಾವಿರದ ಎಂಬತ್ತೊಂಬತ್ತಾಗಿದ್ದ ಎಂಜಿನ್ನು, ಸವೆದು, ಕೊರೆಸಿಕೊಂಡು, ಅರ್ಧ ಆಯುಷ್ಯ ಕಳೆದ ಮೇಲೆ ತನ್ನ ಹೆಸರಿನ 1100ನ್ನು ನಿಜವಾಗಿ ತುಂಬಿಕೊಂಡಿದ್ದಿತು. ಆ ಅಂಕೆಯನ್ನೂ ಬರೆದು, ಹೆಡ್ಡಿನ ದಪ್ಪವನ್ನೂ ಜೆಟ್ಟಿನ ಗಾತ್ರವನ್ನೂ ಅದರ ಕೆಳಗೆ ನಮೂದಿಸಿ, ಮುಂದೆ ಈ ಗಾಡಿಯನ್ನು ನೋಡಿಕೊಳ್ಳುವವರಿಗೆ ತಿಳಿದಿರಲೆಂದು, 0.6ರ ಒಂದು ಮೆಟ್ಟಿಲು ಇನ್ನೂ ಉಳಿದಿದೆಯೆಂದು ಬರೆದು, ಆ ಪಂಕ್ತಿಯ ಮುಂದೆ ತಾರೀಖಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.